ತಕ್ಕಡಿಯ ಕನ್ನಡಕ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವನೇ ದಾರ ಕಟ್ಟಿದ ಕನ್ನಡಕ ಹಾಕಿಕೊಂಡು ನಿಂತರೆ ಗಿರಾಕಿಗಳು ಏನೆಂದುಕೊಳ್ಳಬೇಕು? ಯಜಮಾನರು ಈ ಪ್ರಶ್ನೆಯನ್ನು ನಮ್ಮವನಿಗೆ ಕೇಳಿ ಕೇಳಿ ಸೋತು, ಕೊನೆಗೆ ಗಿರಾಕಿಗಳಿಗೆ ಹೇಳಲು ಒಂದು ಉತ್ತರವನ್ನು ತಾವೇ ಹೊಂದಿಸಿಟ್ಟುಕೊಂಡಿದ್ದರು. "ಅವನು ಭಾರಿ ಬುದ್ಧಿವಂತ ಕಣ್ರೀ. ಅಂಥೋರು ಸ್ವಲ್ಪ ಹೀಗೇ."

ಬುದ್ಧಿವಂತಿಕೆಗೂ ಆ ದಾರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಹೋದ ವರ್ಷ ಅವನ ಕನ್ನಡಕದ ಎಡಗಡೆಯ ಕಡ್ಡಿ ಮುರಿದಿತ್ತು. ಹೊಸ ಫ್ರೇಮ್ ಸಿಗುವ ತನಕ ಇರಲಿ ಎಂದು ದಾರ ಸುತ್ತಿಕೊಂಡಿದ್ದ. ಹೊಸ ಫ್ರೇಮಿಗಾಗಿ ಅವನು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ತಿರುಗಿ ನಿಂತರೆ ಸಾಕಿತ್ತು. ಬೆನ್ನ ಹಿಂದಿನ ಗೋಡೆಯಲ್ಲಿ ನೆಲದಿಂದ ಸೂರಿನವರೆಗೆ ಫ್ರೇಮುಗಳೇ. ತೊಂದರೆ ಇದ್ದದ್ದು ಅಲ್ಲಿಯೇ. ದಿನಾ ಸಂಜೆ ಬಾಗಿಲು ಹಾಕುವ ಮುಂಚೆ ಅವನು ಕನ್ನಡಿಯ ಮುಂದೆ ನಿಂತು ಒಂದೊಂದಾಗಿ ಮೂಗಿನ ಮೇಲೆ ಏರಿಸಿ ನೋಡುತ್ತಿದ್ದ. ದುಂಡನೆಯದು ಹಾಕಿದರೆ ಗೂಬೆಯ ಹಾಗೆ ಕಾಣುತ್ತಿದ್ದ. ಚೌಕದ್ದು ಹಾಕಿದರೆ ಗೂಬೆಗಳ ಶಾಲೆಯ ಹೆಡ್‌ಮಾಸ್ತರನ ಹಾಗೆ. ತೆಳುವಾದದ್ದು ಮುರಿಯಬಹುದು, ದಪ್ಪನೆಯದು ಭಾರವಾಗಬಹುದು, ಕಪ್ಪು ಎಲ್ಲರ ಹತ್ತಿರವೂ ಇದೆ, ಬಣ್ಣದ್ದಾದರೆ ಎಲ್ಲರೂ ನೋಡುತ್ತಾರೆ. ಅಷ್ಟರಲ್ಲಿ ಯಜಮಾನರು ಶಟರಿನ ಕೊಕ್ಕೆ ಹಿಡಿದು ಕೆಮ್ಮುತ್ತಿದ್ದರು. ನಮ್ಮವನು ದಾರ ಬಿಗಿದುಕೊಂಡು ಮನೆಗೆ ಹೊರಡುತ್ತಿದ್ದ.

ಮನೆ ಎಂದರೆ ಅಕ್ಕ-ಭಾವನ ಮನೆ. ಅವನಿಗೆ ತಕ್ಕಡಿ ಎಂದು ಹೆಸರಿಟ್ಟವರು ಭಾವ. ಯಾವುದನ್ನೇ ಕೊಡಿ, ಆ ಕಡೆ ಇಷ್ಟು ಈ ಕಡೆ ಇಷ್ಟು ಎಂದು ತೂಗುತ್ತಾನೆ, ಮುಳ್ಳು ಮಾತ್ರ ಎಲ್ಲೂ ನಿಲ್ಲುವುದಿಲ್ಲ ಎಂಬುದು ಅವರ ದೂರು. ಒಮ್ಮೆ ಕೊಡೆ ತರಲು ಹೋಗಿ, ಮಡಿಸುವುದೋ ಉದ್ದದ್ದೋ ಎಂದು ಅವನು ವಾರಗಟ್ಟಲೆ ಅಂಗಡಿ ಅಂಗಡಿ ತಿರುಗಿ ಬರುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಭಾವ ಇದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮವನು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಬದಲಿಗೆ, "ಈಗ್ಲೂ ಸರಿಯಾಗಿ ಹೇಳಕ್ಕಾಗಲ್ಲ ಭಾವ. ಉದ್ದದ್ದು ಗಾಳಿಗೆ ತಡೆಯುತ್ತೆ, ಆದ್ರೆ ಬಸ್ಸಲ್ಲಿ ಮರೆತು ಬರೋದೂ ಉದ್ದದ್ದನ್ನೇ," ಎಂದು ಇನ್ನಷ್ಟು ಒದಗಿಸುತ್ತಿದ್ದ.

ಇಂಥವನಿಗೆ ಸಿಕ್ಕಿದ ಉದ್ಯೋಗ ಯಾವುದು ನೋಡಿ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರಿಂದ ತೀರ್ಮಾನ ಮಾಡಿಸುವುದು.

ಅಂಗಡಿಯ ಪಕ್ಕದ, ಬಾಗಿಲಿಗೆ ತೆರೆ ಇಳಿಬಿಟ್ಟ ಕತ್ತಲೆ ಕೋಣೆಯಲ್ಲಿ ಒಂದು ಎತ್ತರದ ಕುರ್ಚಿ, ಎದುರು ಗೋಡೆಗೆ ದೀಪದ ಅಕ್ಷರಪಟ. ಗಿರಾಕಿಯನ್ನು ಕೂರಿಸಿ, ಕಣ್ಣಿಗೆ ಒಂದು ದಪ್ಪ ಉಕ್ಕಿನ ಚೌಕಟ್ಟು ಏರಿಸುತ್ತಿದ್ದ. ಅದರಲ್ಲಿ ಒಂದು ಕಣ್ಣನ್ನು ಕಪ್ಪು ಬಿಲ್ಲೆಯಿಂದ ಮುಚ್ಚಿ, ಇನ್ನೊಂದರ ಮುಂದೆ ಗಾಜು ಹಾಕಿ, ತೆಗೆದು, ಬೇರೆ ಗಾಜು ಹಾಕಿ ಕೇಳುತ್ತಿದ್ದ. "ಇದಾ, ಇದಾ? ಯಾವುದು ಚೆನ್ನಾಗಿ ಕಾಣುತ್ತೆ?"

ಕೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಎಷ್ಟು ಸಲ ಬೇಕಾದರೂ ಹಿಂದಿನ ಗಾಜನ್ನು ಮತ್ತೆ ಹಾಕಿ ತೋರಿಸುತ್ತಿದ್ದ. ವಯಸ್ಸಾದವರು ತಡವರಿಸಿದರೆ, "ಅವಸರ ಇಲ್ಲ, ನಿಧಾನಕ್ಕೆ ನೋಡಿ," ಎನ್ನುತ್ತಿದ್ದ. ಬೇರೆ ಅಂಗಡಿಯಲ್ಲಿ ಗದರಿಸಿಕೊಂಡು ಬಂದ ಮುದುಕರೆಲ್ಲ ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವರ ಕಷ್ಟ ಅವನಿಗೆ ಗೊತ್ತಾಗುತ್ತಿತ್ತು. ಇಡೀ ಊರಿನಲ್ಲಿ ಆ ಕಷ್ಟ ಅಷ್ಟು ಚೆನ್ನಾಗಿ ಗೊತ್ತಿದ್ದವನೂ ಅವನೊಬ್ಬನೇ.

ಆದರೆ ಕೆಲವರು ಇರುತ್ತಾರೆ. ಒಂದೊಂದು ಗಾಜಿಗೂ ಒಂದೊಂದು ಭಾಷಣ. "ಮೊದಲನೇದರಲ್ಲಿ ಅಕ್ಷರ ಚೂಪಾಗಿದೆ, ಆದ್ರೆ ಸ್ವಲ್ಪ ಕೋಪ ಬಂದಿರೋ ಹಾಗಿದೆ," ಎಂದು ಒಬ್ಬ ಮೇಷ್ಟ್ರು ಹೇಳಿದ್ದುಂಟು. ಅಂಥವರಿಗೆ ಅವನ ಹತ್ತಿರ ಒಂದು ಉಪಾಯವಿತ್ತು. ಗಾಜನ್ನು ತೆಗೆದ ಹಾಗೆ ಮಾಡಿ, ಟಕ್ ಎಂದು ಸದ್ದು ಮಾಡಿ, ಅದೇ ಗಾಜನ್ನೇ ಮತ್ತೆ ಹಾಕುವುದು. "ಈಗ?" ಎಂದರೆ ಮೇಷ್ಟ್ರು, "ಆಹಾ, ಇದು ಬೇರೇನೇ," ಎಂದಿದ್ದರು. ಅಲ್ಲಿಗೆ ನಮ್ಮವನಿಗೆ ಗೊತ್ತಾಯಿತು, ಈ ಮನುಷ್ಯ ನೋಡುತ್ತಿರುವುದು ಕಣ್ಣಿನಿಂದಲ್ಲ, ತಲೆಯಿಂದ. ಆಮೇಲೆ ಅವರ ಮಾತನ್ನು ಬದಿಗಿಟ್ಟು ಕೆಲಸ ಮುಗಿಸಿದ್ದ.

ಈ ಉಪಾಯವನ್ನು ಅವನು ಹೆಮ್ಮೆಯಿಂದ ಹೇಳಿಕೊಂಡದ್ದು ಚಕ್ರ ಮೇಡಂ ಹತ್ತಿರ.

ಚಕ್ರ ಮೇಡಂ ಕೂರುತ್ತಿದ್ದುದು ಅಂಥದ್ದೇ ಇನ್ನೊಂದು ತೆರೆಯ ಆಚೆ, ಹಿಂದಿನ ಕೋಣೆಯಲ್ಲಿ. ಇವನು ಬರೆದು ಕಳಿಸಿದ ಪವರಿನ ಗಾಜನ್ನು ಫ್ರೇಮಿನ ಆಕಾರಕ್ಕೆ ತಿಕ್ಕಿ ಕೂರಿಸುವುದು ಅವಳ ಕೆಲಸ. ನೀರು ಚಿಮ್ಮುತ್ತ ತಿರುಗುವ ಚಕ್ರಕ್ಕೆ ಗಾಜಿನ ಅಂಚು ಕೊಟ್ಟಳೆಂದರೆ ಮುಗಿಯಿತು, ಒಂದು ಕೂದಲೆಳೆ ಹೆಚ್ಚಿಗೆ ಸವೆದರೂ ಗಾಜು ಕಸದ ಬುಟ್ಟಿಗೆ. ಇವನದು ಹಾಕಿದ್ದನ್ನು ತೆಗೆಯುವ, ತೆಗೆದದ್ದನ್ನು ಹಾಕುವ ಕೆಲಸ. ಅವಳದು ಹಿಂದೆ ಬರುವ ದಾರಿಯೇ ಇಲ್ಲದ ಕೆಲಸ. ಅದಕ್ಕೋ ಏನೋ ಅವಳ ಮಾತೂ ಹಾಗೇ. ಅಳತೆ ನೋಡುವಾಗ ಮೌನ, ಬಾಯಿ ಬಿಟ್ಟರೆ ನೇರ.

ಇಬ್ಬರೂ ಮಧ್ಯಾಹ್ನದ ಡಬ್ಬಿಯನ್ನು ಹಿಂದಿನ ಕೋಣೆಯಲ್ಲೇ ಬಿಚ್ಚುತ್ತಿದ್ದರು. ಅವಳು ಊಟ ಮುಗಿಸಿ ಡಬ್ಬಿ ತೊಳೆದು ಬರುವಷ್ಟರಲ್ಲಿ ಇವನು ಮೊದಲು ಪಲ್ಯ ತಿನ್ನಬೇಕೋ ಮೊಸರಿಗೆ ಉಳಿಸಬೇಕೋ ಎಂದು ನೋಡುತ್ತಿರುತ್ತಿದ್ದ. ಅವಳು ನಗುತ್ತಿದ್ದಳು. ಆ ನಗು ನೋಡಲಿಕ್ಕಾಗಿಯೇ ಇವನು ಕೆಲವು ದಿನ ಬೇಕೆಂದೇ ನಿಧಾನ ಮಾಡುತ್ತಿದ್ದ. ಬೇಕೆಂದು ಮಾಡಿದ ನಿಧಾನಕ್ಕೂ ಹುಟ್ಟಿನಿಂದ ಬಂದ ನಿಧಾನಕ್ಕೂ ವ್ಯತ್ಯಾಸ ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ಹೀಗಿರುವಾಗ ಯಜಮಾನರು ಪಕ್ಕದ ಊರಿನಲ್ಲಿ ಇನ್ನೊಂದು ಅಂಗಡಿ ತೆರೆದರು. ಅಲ್ಲಿಗೆ ಗಾಜು ತಿಕ್ಕಲು ಒಬ್ಬರು, ಕಣ್ಣು ನೋಡಲು ಒಬ್ಬರು ಬೇಕು. ಇಬ್ಬರನ್ನೂ ಕರೆದು ಕೇಳಿದರು. ಚಕ್ರ ಮೇಡಂ, "ಹೋಗ್ತೀನಿ ಸಾರ್," ಎಂದಳು. ನಮ್ಮವನು, "ಯೋಚ್ನೆ ಮಾಡಿ ಹೇಳ್ತೀನಿ ಸಾರ್," ಎಂದ. ಯಜಮಾನರು ಅವನ ಕನ್ನಡಕದ ದಾರವನ್ನೊಮ್ಮೆ ನೋಡಿದರು. "ಶನಿವಾರ ಸಂಜೆ ತನಕ ನೋಡ್ತೀನಿ. ಇನ್ನೊಬ್ಬ ಹುಡುಗ ಬರ್ತೀನಿ ಅಂತ ಕಾಯ್ತಾ ಕೂತಿದಾನೆ. ಶನಿವಾರ ಅವನಿಗೆ ಫೋನ್ ಮಾಡೋನೇ."

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವಳು ಕೇಳಿದಳು.

"ಏನು ಯೋಚ್ನೆ ಅದು?"

"ಹಾಗಲ್ಲ, ಎಲ್ಲಾ ಕಡೆಯಿಂದ್ಲೂ ನೋಡ್ಬೇಕಲ್ಲ."

"ನಾನು ಒಂದು ಕಡೆಯಿಂದ ಹೇಳ್ಲಾ?" ಅವಳು ಡಬ್ಬಿಯ ಮುಚ್ಚಳ ಕೆಳಗಿಟ್ಟಳು. "ನಾನಂತೂ ಹೋಗೋದೇ. ಅಲ್ಲಿ ಚಕ್ರದ ಕೋಣೆ ಪೂರ್ತಿ ನಂದು. ನೀವೂ ಬಂದ್ರೆ ನಾವಿಬ್ರೂ ಮದ್ವೆ ಆಗೋಣ ಅಂತ ನನಗನ್ನಿಸ್ತಿದೆ. ನಿಮಗೂ ಅನ್ನಿಸಿದ್ರೆ ಬನ್ನಿ. ಅನ್ನಿಸದಿದ್ರೆ ಬೇಜಾರಿಲ್ಲ, ಇಲ್ಲೇ ಇರಿ."

ನಮ್ಮವನ ಗಂಟಲಿನಲ್ಲಿ ತುತ್ತು ಅಲ್ಲೇ ನಿಂತಿತು. ಅದನ್ನು ನುಂಗಬೇಕೋ ಉಗುಳಬೇಕೋ ಎಂದು ಕೂಡ ಒಂದು ಕ್ಷಣ ಹೊಳೆಯಲಿಲ್ಲ. ಒಳಗೆ ಏನೋ ಕುಣಿಯುತ್ತಿತ್ತು. ಆದರೆ ಬಾಯಿಗೆ ಗೊತ್ತಿದ್ದದ್ದು ಒಂದೇ ಮಾತು.

"ಯೋಚ್ನೆ ಮಾಡಿ ಹೇಳ್ತೀನಿ."

ಅವಳು ತಲೆಯಾಡಿಸಿ ಊಟ ಮಾಡಿದಳು. ಅವತ್ತು ನಗಲಿಲ್ಲ.

ಆ ಸಂಜೆಯಿಂದ ಶುರುವಾಯಿತು ತೂಕ. ಅಕ್ಕನಿಗೆ ಹೇಳಿದ. ಅಕ್ಕ ಬಟ್ಟೆ ಮಡಿಸುತ್ತಿದ್ದವಳು ತಲೆಯೆತ್ತದೆ, "ಹೋಗೋ," ಎಂದಳು.

"ಪೂರ್ತಿ ಕೇಳಿಸ್ಕೋ ಅಕ್ಕ."

"ಕೇಳಿಸ್ಕೊಂಡೆ. ಹುಡುಗಿ ಬಾ ಅಂದ್ಳು. ಹೋಗು."

ಇಷ್ಟು ಬೇಗ ಹೋಗು ಎಂದಳಲ್ಲ, ನನ್ನನ್ನು ಸಾಗಹಾಕಲು ಇವಳು ಕಾಯುತ್ತಿದ್ದಳೇ ಎಂದು ಅವನಿಗೆ ಅನುಮಾನ ಬಂತು. ಭಾವನನ್ನು ಕೇಳಿದ. ಭಾವ, "ಹೋಗ್ಬೇಡಪ್ಪಾ," ಎಂದರು. "ನೀನು ಹೋದ್ರೆ ಬಂದೋರಿಗೆ ನಾನು ಯಾರ ಕತೆ ಹೇಳ್ಲಿ?" ಇಷ್ಟು ಹಗುರವಾಗಿ ಹೇಳಿದರಲ್ಲ, ಒಳಗೆ ಬೇರೆ ಏನೋ ಇರಬೇಕು ಎಂದುಕೊಂಡ. ಹೋಗು ಎನ್ನುವುದೊಂದು, ಬೇಡ ಎನ್ನುವುದೊಂದು. ತಕ್ಕಡಿ ಸಮ.

ಆ ಊರಿನ ನೀರು ಹೇಗೋ. ತನಗೆ ಹೊಸ ನೀರು ಕುಡಿದರೆ ನೆಗಡಿ. ಅಲ್ಲಿ ಮನೆ ಸಿಗುತ್ತದೋ ಇಲ್ಲವೋ, ಸಿಕ್ಕರೂ ಮಾಳಿಗೆಯ ಮೇಲಿನದೋ ಕೆಳಗಿನದೋ. ಮೇಲಾದರೆ ಬಿಸಿಲು, ಕೆಳಗಾದರೆ ಸೊಳ್ಳೆ. ಇಲ್ಲಿನ ಮುದುಕರೆಲ್ಲ ಯಾರ ಹತ್ತಿರ ಹೋಗುತ್ತಾರೆ? ಅಲ್ಲೂ ಮುದುಕರಿರುತ್ತಾರಲ್ಲ? ಇರುತ್ತಾರೆ, ಆದರೆ ಅವರು ಹೇಗೋ. ಯೋಚನೆಗಳು ಬಸ್ಸಿನ ಬಾಗಿಲಲ್ಲಿ ನುಗ್ಗಿದ ಹಾಗೆ ನುಗ್ಗುತ್ತಿದ್ದವು. ಇವುಗಳ ಹಿಂದೆ, ಎಲ್ಲಕ್ಕಿಂತ ಕೊನೆಗೆ, ಒಂದು ಸಣ್ಣ ಯೋಚನೆ ತಲೆ ತಗ್ಗಿಸಿ ನಿಂತಿತ್ತು. ಅವಳು ಎಲ್ಲವನ್ನೂ ಥಟ್ಟನೆ ತೀರ್ಮಾನ ಮಾಡುವವಳು. ನನ್ನನ್ನೂ ಹಾಗೇ ಆರಿಸಿದ್ದರೆ? ಸರಿಯಾಗಿ ನೋಡದೆಯೇ ಆರಿಸಿದ್ದರೆ? ಒಂದು ದಿನ ಸರಿಯಾಗಿ ನೋಡಿದಳೆಂದರೆ?

ಈ ಯೋಚನೆಯನ್ನು ಅವನು ಯಾರಿಗೂ ಹೇಳಲಿಲ್ಲ. ನೀರಿನ ವಿಚಾರವನ್ನು ಮಾತ್ರ ಎಲ್ಲರಿಗೂ ಹೇಳಿದ.

ವಾರ ಕಳೆಯುತ್ತಿದ್ದ ಹಾಗೆ ಪರೀಕ್ಷೆಯ ಕೋಣೆಯಲ್ಲೂ ಎಡವಟ್ಟು ಶುರುವಾಯಿತು. ಒಬ್ಬ ಬಸ್ ಡ್ರೈವರಿಗೆ ಎಷ್ಟು ಸಲ ಗಾಜು ಹಾಕಿ ತೆಗೆದನೆಂದರೆ ಆ ಮನುಷ್ಯ ಕುರ್ಚಿ ಇಳಿದು ಹೊರಗೆ ಬಂದವನೇ ಅಂಗಡಿಯ ಬಾಗಿಲಿನ ಬದಲು ಕನ್ನಡಿಯೊಳಕ್ಕೆ ನಡೆಯಲು ಹೋದ. ಶುಕ್ರವಾರ ಒಬ್ಬ ಅಜ್ಜಿ ಬಂದರು. ಚೌಕಟ್ಟು ಏರಿಸಿ, ಎಡಗಣ್ಣಿಗೆ ಬಿಲ್ಲೆ ಹಾಕಿ, ಗಾಜಿನ ಪೆಟ್ಟಿಗೆಗೆ ಕೈ ಹಾಕಿದವನು ಹಾಗೆಯೇ ನಿಂತುಬಿಟ್ಟ.

"ಅಜ್ಜಿ, ಒಂದು ಮಾತು ಕೇಳ್ಲಾ?"

"ಕೇಳಪ್ಪ."

"ಒಂದು ಊರು ಗೊತ್ತಿರೋದು. ಒಂದು ಗೊತ್ತಿಲ್ಲದ್ದು. ಗೊತ್ತಿಲ್ಲದ ಊರಲ್ಲಿ ಒಬ್ರು ಗೊತ್ತಿರೋರು ಇರ್ತಾರೆ. ಗೊತ್ತಿರೋ ಊರಲ್ಲಿ ಅವರು ಇರಲ್ಲ. ಯಾವುದು ಆಗಬಹುದು?"

ಅಜ್ಜಿ ಉಕ್ಕಿನ ಚೌಕಟ್ಟಿನೊಳಗಿಂದ ಒಂದೇ ಕಣ್ಣಿನಲ್ಲಿ ಅವನನ್ನು ಅಳೆದು ನೋಡಿದರು.

"ಹೆಣ್ಣಾ?"

ನಮ್ಮವನು ಅಕ್ಷರಪಟದ ಕಡೆ ನೋಡಿದ.

"ಹಾಗಾದ್ರೆ ಮೊದಲು ನನ್ನ ಕಣ್ಣಿನ ಬಿಲ್ಲೆ ತೆಗಿ ಮಗಾ," ಎಂದರು ಅಜ್ಜಿ. "ಕುತ್ತಿಗೆ ನೋಯ್ತಿದೆ. ನೀನು ಯೋಚ್ನೆ ಮಾಡಿ ಮುಗಿಸೋ ಹೊತ್ತಿಗೆ ನನಗೆ ಕನ್ನಡಕ ಬೇಕಾಗಿರಲ್ಲ."

ಈ ಮಾತು ತೆರೆಯ ಆಚೆಗೂ ಕೇಳಿಸಿತು. ಹಿಂದಿನ ಕೋಣೆಯಲ್ಲಿ ತಿರುಗುತ್ತಿದ್ದ ಚಕ್ರ ಒಮ್ಮೆ ನಿಂತು ಮತ್ತೆ ಶುರುವಾಯಿತು.

ಶನಿವಾರ ಮಧ್ಯಾಹ್ನದಿಂದ ಯಜಮಾನರು ಗಡಿಯಾರ ನೋಡುವುದು, ಇವನನ್ನು ನೋಡುವುದು, ಫೋನ್ ನೋಡುವುದು, ಹೀಗೇ ಮಾಡುತ್ತಿದ್ದರು. ನಮ್ಮವನು ಉತ್ತರ ಹೇಳಬೇಕಾದ ಹೊತ್ತಿನಲ್ಲಿ ಮಾಡಲೇಬೇಕಾದ ಕೆಲಸವೆಂಬಂತೆ ಗಾಜಿನ ಪೆಟ್ಟಿಗೆಯನ್ನೆಲ್ಲ ಹರಡಿಕೊಂಡು ಒರೆಸುತ್ತಿದ್ದ. ಸಂಜೆ ಗಿರಾಕಿಗಳು ಖಾಲಿಯಾದ ಮೇಲೆ ತೆರೆ ಸರಿಸಿ ಚಕ್ರ ಮೇಡಂ ಒಳಗೆ ಬಂದಳು. ಏಪ್ರನ್ನಿನ ಮೇಲೆಲ್ಲ ಗಾಜಿನ ಬಿಳಿ ಹುಡಿ.

"ಕುರ್ಚೀಲಿ ಕೂತ್ಕೊಳ್ಳಿ."

"ಯಾಕೆ?"

"ನಿಮ್ಮ ಕಣ್ಣು ಯಾವತ್ತಾದ್ರೂ ಯಾರಾದ್ರೂ ನೋಡಿದಾರಾ? ಕೂತ್ಕೊಳ್ಳಿ."

ಅವನು ಕೂತ. ಇಷ್ಟು ವರ್ಷ ಕೂರಿಸಿದವನು ಆ ಕುರ್ಚಿ ಇಷ್ಟೊಂದು ಎತ್ತರ ಎಂದು ಅವತ್ತೇ ಕಂಡುಕೊಂಡ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವಳು ದಾರದ ಕನ್ನಡಕ ತೆಗೆದು ಬದಿಗಿಟ್ಟಳು. ಉಕ್ಕಿನ ಚೌಕಟ್ಟು ಏರಿಸಿ, ಅವನ ಹಳೆಯ ಪವರಿನ ಗಾಜನ್ನೇ ಹಾಕಿದಳು. ಅವಳ ಬೆರಳು ತಣ್ಣಗಿದ್ದವು, ದಿನವಿಡೀ ನೀರಿನಲ್ಲಿದ್ದ ಬೆರಳು.

"ಇದಾ?" ಟಕ್. "ಇದಾ?"

"ಎರಡನೇದು," ಎಂದ. ಆಮೇಲೆ, "ಅಲ್ಲ, ಮೊದಲನೇದೂ ಪರವಾಗಿಲ್ಲ. ಇನ್ನೊಂದ್ಸಲ ತೋರಿಸಿ."

ಟಕ್. ಟಕ್.

"ಎರಡನೇದರಲ್ಲಿ ಕಪ್ಪು ಇನ್ನೂ ಕಪ್ಪಗಿದೆ. ಆದ್ರೆ ಮೊದಲನೇದರಲ್ಲಿ ಒಂಥರಾ ಸಮಾಧಾನ ಇದೆ. ಎರಡನೇದು ಸ್ವಲ್ಪ ಅವಸರ ಮಾಡೋ ಥರ."

"ಈಗ?" ಟಕ್.

"ಇದು ಎರಡಕ್ಕಿಂತ್ಲೂ ಬೇರೆ. ಅಕ್ಷರ ಸಣ್ಣಗಾದ್ರೂ ನೀಟಾಗಿದೆ. ಆದ್ರೆ ಅಂಚಲ್ಲಿ..."

"ನಾನು ಗಾಜು ಬದಲಾಯಿಸೇ ಇಲ್ಲ," ಎಂದಳು ಅವಳು.

ದೀಪದ ಪಟದಲ್ಲಿ ದೊಡ್ಡ ಅಕ್ಷರಗಳು ತಮ್ಮ ಪಾಡಿಗೆ ತಾವು ನಿಂತಿದ್ದವು. ತನ್ನ ಉಪಾಯಕ್ಕೆ ತಾನೇ ಸಿಕ್ಕಿಬಿದ್ದವನ ಮುಖ ಹೇಗಿರುತ್ತದೆಂದು ನೋಡಲು ಅಲ್ಲಿ ಮೇಷ್ಟ್ರು ಇರಬೇಕಾಗಿತ್ತು.

"ನೀವೇ ಹೇಳಿದ್ರಲ್ಲ," ಎಂದಳು. "ಕೆಲವರು ಕಣ್ಣಿಂದ ನೋಡಲ್ಲ, ತಲೆಯಿಂದ ನೋಡ್ತಾರೆ ಅಂತ. ವಾರದಿಂದ ಕೇಳ್ತಿದೀನಿ. ಅಲ್ಲಿನ ನೀರು, ಅಲ್ಲಿನ ಸೊಳ್ಳೆ, ಅಲ್ಲಿನ ಮುದುಕರು. ನೀರು ಇಲ್ಲೂ ಅದೇ, ಅಲ್ಲೂ ಅದೇ. ಒಂದೇ ಕೆರೆಯಿಂದ ಬರೋದು. ಸೊಳ್ಳೆ ಬೇಕಾದ್ರೆ ಇಲ್ಲಿಂದ್ಲೇ ತಗೊಂಡು ಹೋಗೋಣ. ಎಲ್ಲಾ ಅದೇ ಗಾಜು. ಬದಲಾಗೋದು ಒಂದೇ. ನಾನು ಅಲ್ಲಿರ್ತೀನಿ, ಇಲ್ಲಿರಲ್ಲ."

ನಮ್ಮವನು ಕುರ್ಚಿಯ ಕೈ ಹಿಡಿದುಕೊಂಡ. ಕೊನೆಯಲ್ಲಿ ನಿಂತಿದ್ದ ಸಣ್ಣ ಯೋಚನೆ ಈಗ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂತು.

"ನೀವು ಬೇಗ ತೀರ್ಮಾನ ಮಾಡ್ತೀರಿ. ನನ್ನನ್ನೂ ಹಾಗೇ... ಸರಿಯಾಗಿ ನೋಡಿದೀರಾ?"

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಅವಳು ಯೋಚಿಸಿ ಮಾತಾಡಿದ್ದನ್ನು ಅವನು ಕಂಡದ್ದು ಅದೇ ಮೊದಲು.

"ದಿನಾ ಸಂಜೆ ನೀವು ಕನ್ನಡಿ ಮುಂದೆ ನಿಂತು ಒಂದೊಂದೇ ಫ್ರೇಮ್ ಹಾಕಿ ನೋಡ್ತಿದ್ರಲ್ಲ, ನಾನು ತೆರೆ ಹಿಂದಿಂದ ನಿಮ್ಮನ್ನೇ ನೋಡ್ತಿದ್ದೆ. ಎಲ್ಲಾ ಫ್ರೇಮಲ್ಲೂ ನೋಡಿದೀನಿ. ದುಂಡನೇದು, ಚೌಕದ್ದು, ಎಲ್ಲಾದ್ರಲ್ಲೂ." ಅವಳು ಚೌಕಟ್ಟನ್ನು ಅವನ ಮೂಗಿನ ಮೇಲೆ ಸರಿಪಡಿಸಿದಳು. "ಗೂಬೆ ಥರಾನೇ ಕಾಣ್ತೀರಿ. ಆದ್ರೆ ಆ ಮುದುಕರಿಗೆ ಅವಸರ ಇಲ್ಲ, ನಿಧಾನಕ್ಕೆ ನೋಡಿ ಅಂತೀರಲ್ಲ, ಅದನ್ನೂ ಅಲ್ಲಿಂದ್ಲೇ ಕೇಳಿಸ್ಕೊಂಡಿದೀನಿ. ಅಳತೆ ತಗೊಳ್ಳೋದಕ್ಕೆ ನನಗೂ ತುಂಬಾ ದಿನ ಹಿಡೀತು ರೀ. ತಿಕ್ಕೋದು ಮಾತ್ರ ಬೇಗ."

ಇಷ್ಟು ಹೇಳಿ ಅವಳು ಎರಡು ಕಪ್ಪು ಬಿಲ್ಲೆಗಳನ್ನು ತೆಗೆದು ಅವನ ಎರಡೂ ಕಣ್ಣಿನ ಮುಂದೆ ಹಾಕಿಬಿಟ್ಟಳು. "ಈಗ ಈ ಕಡೆ ಆ ಕಡೆ ಏನೂ ಇಲ್ಲ. ಕತ್ತಲು. ಹೇಳಿ."

ಆ ಹೊತ್ತಿಗೇ ಹೊರಗಿನಿಂದ ಯಜಮಾನರ ದನಿ ಕೇಳಿಸಿತು. "ಏನಯ್ಯಾ, ಆ ಹುಡುಗ ಫೋನಲ್ಲಿದಾನೆ. ಬಾ ಅನ್ಲಾ?"

ತೂಗಲು ಏನೂ ಕಾಣುತ್ತಿರಲಿಲ್ಲ. ಮುಂದೆ ಅಕ್ಷರವಿಲ್ಲ, ಪಟವಿಲ್ಲ, ಊರಿಲ್ಲ. ಕಿವಿಯ ಹತ್ತಿರ ಅವಳ ಉಸಿರು ಮಾತ್ರ. ಒಂದು ಕ್ಷಣದ ಮಟ್ಟಿಗೆ ಆ ಉಸಿರೂ ನಿಂತಿತ್ತು.

"ಬೇಡ ಸಾರ್, ನಾನೇ ಹೋಗ್ತೀನಿ," ಎಂಬ ಮಾತು ಕೋಣೆಯಲ್ಲಿ ಕೇಳಿಸಿತು. ಅದು ತನ್ನದೇ ದನಿ ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲಿನದು ಗಡಿಬಿಡಿ. ಹೇಳಿಬಿಟ್ಟೆನಲ್ಲ ಎಂಬ ಗಾಬರಿಗೆ ಬಿಲ್ಲೆ ತೆಗೆಯುವುದನ್ನು ಮರೆತು ಎತ್ತರದ ಕುರ್ಚಿಯಿಂದ ಧುಮುಕಿ, ನೇರ ಹೋಗಿ ಅಕ್ಷರಪಟಕ್ಕೆ ಹಣೆ ಕೊಟ್ಟ. ಸದ್ದು ಕೇಳಿ ಯಜಮಾನರು ಫೋನ್ ಹಿಡಿದುಕೊಂಡೇ ತೆರೆ ಸರಿಸಿದರು. ಎರಡೂ ಕಣ್ಣು ಮುಚ್ಚಿಕೊಂಡು ಗೋಡೆ ತಬ್ಬಿ ನಿಂತಿರುವ ತಮ್ಮ ಬುದ್ಧಿವಂತನನ್ನೂ, ಬಾಯಿಗೆ ಏಪ್ರನ್ನಿನ ಅಂಚು ಒತ್ತಿಕೊಂಡು ನಗುತ್ತಿರುವ ಚಕ್ರ ಮೇಡಮ್ಮನ್ನೂ ನೋಡಿದರು.

"ಇವನಿಗೆ ಏನಾಯ್ತು?"

"ತೀರ್ಮಾನ ಆಯ್ತು ಸಾರ್," ಎಂದಳು ಅವಳು.

ಯಜಮಾನರು ಫೋನಿನ ಹುಡುಗನಿಗೆ ಎರಡು ಸಮಾಧಾನದ ಮಾತು ಹೇಳಿ ಇಟ್ಟರು. ಆಮೇಲೆ ಇವನ ಕಡೆ ತಿರುಗಿ, "ಹೋಗು, ಸಂತೋಷ. ಆದ್ರೆ ಹೊಸ ಅಂಗಡೀಲಿ ದಾರ ಕಟ್ಕೊಂಡು ನಿಂತ್ರೆ ನನ್ನ ಮಾನ ಹೋಗುತ್ತೆ. ಈಗ್ಲೇ ಒಂದು ಫ್ರೇಮ್ ತಗೋ. ನಾನು ಶಟರ್ ಎಳೀತಿದೀನಿ," ಎಂದು ಕೊಕ್ಕೆ ಕೈಗೆತ್ತಿಕೊಂಡರು.

ಅವನು ಉಕ್ಕಿನ ಚೌಕಟ್ಟನ್ನು ಕಿತ್ತಿಟ್ಟು ಹೊರಗೆ ಬಂದು ಫ್ರೇಮುಗಳ ಗೋಡೆಯ ಕಡೆ ತಿರುಗಿದ. ಕನ್ನಡಕವಿಲ್ಲದ ಕಣ್ಣಿಗೆ ಗೋಡೆಯೆಲ್ಲ ಒಂದೇ ಮಸುಕು, ಯಾವುದು ದುಂಡು ಯಾವುದು ಚೌಕ ಒಂದೂ ತಿಳಿಯದು. ಕೈ ಚಾಚಿ ಸಿಕ್ಕಿದ್ದೊಂದನ್ನು ಹಿಡಿದು ಅವಳ ಮುಂದೆ ನೀಡಿದ. ಅವಳು ಅದನ್ನು ನೋಡಿದಳು. ಗಿಳಿಹಸಿರು. ಅದನ್ನು ತರಿಸಿ ತಪ್ಪು ಮಾಡಿದೆ ಎಂದು ಯಜಮಾನರು ಅದು ಅಂಗಡಿಗೆ ಬಂದ ದಿನದಿಂದ ಕೊರಗುತ್ತಿದ್ದ ಫ್ರೇಮ್ ಅದು.

"ಯೋಚ್ನೆ ಮಾಡಿ ತಗೊಂಡ್ರಾ?"

"ಇಲ್ಲ."

"ಹಾಗಾದ್ರೆ ಸರಿ. ಕೊಡಿ, ಗಾಜು ಹಾಕ್ಕೊಡ್ತೀನಿ."

ಅವಳು ಹಿಂದಿನ ಕೋಣೆಗೆ ಹೋದಳು. ನಮ್ಮವನು ದಾರದ ಕನ್ನಡಕ ಏರಿಸಿಕೊಂಡು ಹಣೆ ಉಜ್ಜಿಕೊಳ್ಳುತ್ತ ಗೋಡೆ ನೋಡಿದ. ಖಾಲಿಯಾದ ಜಾಗದ ಪಕ್ಕದಲ್ಲೇ ಕಂದು ಬಣ್ಣದ್ದೊಂದು, ಹದವಾದ ಅಗಲದ್ದು, ನೋಡಿದರೆ ನೋಡುತ್ತಲೇ ಇರಬೇಕು ಎನ್ನುವಂಥದ್ದು ಇತ್ತು. ಇಷ್ಟು ದಿನ ಇದು ಕಣ್ಣಿಗೆ ಬಿದ್ದೇ ಇರಲಿಲ್ಲವಲ್ಲ.

"ರೀ," ಎಂದ ಒಳಗಿನ ಕಡೆ ತಿರುಗಿ. "ಒಂದು ನಿಮಿಷ, ಇಲ್ಲೊಂದು..."

ಒಳಗೆ ಚಕ್ರ ಆಗಲೇ ತಿರುಗುತ್ತಿತ್ತು.